ಪೂಲ್ ಆಡುವಾಗ ಅಂಗೈ ಬೆವರುತ್ತದೆಯೇ? ಪೌಡರ್ ಡಬ್ಬಿಗೆ ಕೈ ಹಾಕುವ ಮುನ್ನ ಇದನ್ನು ಓದಿ

ಅಂಗೈ ಬೆವರುವವರಿಗೆ ಸಲಹೆ ಕೊಡುವವರಿಗೆ ನಮ್ಮಲ್ಲಿ ಬರವಿಲ್ಲ. ಮೈಯಲ್ಲಿ ಉಷ್ಣ ಹೆಚ್ಚಾಗಿದೆ ಎನ್ನುವವರು ಒಬ್ಬರು. ನರ ದೌರ್ಬಲ್ಯ ಎನ್ನುವವರು ಇನ್ನೊಬ್ಬರು. ಹೃದಯ ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಹೆದರಿಸುವವರು ಮತ್ತೊಬ್ಬರು. ಪೂಲ್ ಟೇಬಲ್ ಪಕ್ಕದಲ್ಲಿ ನಿಂತರೆ ಮಾತ್ರ ಎಲ್ಲರದ್ದೂ ಒಂದೇ ಸಲಹೆ: ಸ್ವಲ್ಪ ಪೌಡರ್ ಹಚ್ಚಿಕೊಳ್ಳಿ, ಸರಿಹೋಗುತ್ತದೆ.

ಅದೇ ಮೊಬೈಲಿನಲ್ಲಿ ಇನ್ನೊಂದು ಬಗೆಯ ಸಂದೇಶವೂ ಓಡಾಡುತ್ತದೆ. ಪೌಡರ್ ಮುಟ್ಟಿದರೆ ಕ್ಯಾನ್ಸರ್ ಬರುತ್ತದೆ, ಮನೆಯಲ್ಲಿರುವ ಡಬ್ಬಿಯನ್ನು ಇಂದೇ ಬಿಸಾಡಿ ಎಂಬುದು ಅದರ ಸಾರ. ಯಾವುದನ್ನು ನಂಬಬೇಕು?

ಚಿಕ್ಕದಾಗಿ ಹೇಳುವುದಾದರೆ, ಎರಡೂ ಪೂರ್ತಿ ನಿಜವಲ್ಲ. ಪೌಡರ್ ಬೆವರನ್ನು ನಿಲ್ಲಿಸುವುದಿಲ್ಲ, ಕೆಲವು ನಿಮಿಷಗಳ ಮಟ್ಟಿಗೆ ಮರೆಮಾಡುತ್ತದೆ ಅಷ್ಟೆ. ನಂತರ ಅದು ಟೇಬಲಿನ ಬಟ್ಟೆಗೂ ಕೋಣೆಯ ಗಾಳಿಗೂ ಸೇರುತ್ತದೆ. ಹಾಗೆಂದು ಒಂದು ಚಿಟಿಕೆ ಪೌಡರ್ ಮುಟ್ಟಿದ ಮಾತ್ರಕ್ಕೆ ರೋಗ ಬರುತ್ತದೆ ಎಂಬುದಕ್ಕೂ ಆಧಾರವಿಲ್ಲ. ಕೈ ಒಣಗಿರಬೇಕಾದರೆ ಬೆವರನ್ನು ತೆಗೆಯಬೇಕೇ ಹೊರತು ಅದರ ಮೇಲೆ ಇನ್ನೊಂದನ್ನು ಬಳಿಯಬಾರದು. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಗುಂಡ್ಲುಪೇಟೆಗೂ ಈ ಆಟಕ್ಕೂ ಏನು ನಂಟು?

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಓದುಗರಿಗೆ ಕೋಲು-ಚೆಂಡಿನ ಈ ಆಟ ದೊಡ್ಡ ಪಟ್ಟಣದ್ದು ಎನ್ನಿಸಬಹುದು. ಆದರೆ ಇದರ ಚರಿತ್ರೆಯ ಒಂದು ಮುಖ್ಯ ಘಟನೆ ನಡೆದದ್ದು ಇವರ ನೆರೆಯಲ್ಲೇ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ ಘಾಟಿ ಹತ್ತಿದರೆ ಊಟಿ. ಪೂಲ್ ಆಟದ ದಾಯಾದಿ ಎನ್ನಬಹುದಾದ ಸ್ನೂಕರ್ ಆಟದ ನಿಯಮಗಳನ್ನು ಬರೆದು 1882ರಲ್ಲಿ ಗೋಡೆಗೆ ಹಾಕಿದ್ದು ಅಲ್ಲಿನ ಊಟಿ ಕ್ಲಬ್ಬಿನ ಬಿಲಿಯರ್ಡ್ಸ್ ಕೋಣೆಯಲ್ಲಿ. ನೆವಿಲ್ ಚೇಂಬರ್ಲೇನ್ ಎಂಬ ಬ್ರಿಟಿಷ್ ಸೇನಾಧಿಕಾರಿ 1875ರಲ್ಲಿ ಜಬಲ್ಪುರದಲ್ಲಿ ಈ ಆಟ ಶುರುಮಾಡಿ, ಮುಂದೆ ಊಟಿಗೆ ಬಂದಾಗ ಅದಕ್ಕೆ ನಿಯಮದ ಚೌಕಟ್ಟು ಕೊಟ್ಟನೆಂಬುದು ಎಲ್ಲೆಡೆ ಒಪ್ಪಿತವಾದ ಕಥೆ.

ಅಲ್ಲಿಂದ ನೂರು ವರ್ಷ ದಾಟುವ ಹೊತ್ತಿಗೆ ಬೆಂಗಳೂರು ದೇಶದ ಬಿಲಿಯರ್ಡ್ಸ್-ಸ್ನೂಕರ್ ಕೇಂದ್ರಗಳಲ್ಲಿ ಒಂದಾಯಿತು. 25ಕ್ಕೂ ಹೆಚ್ಚು ವಿಶ್ವ ಪ್ರಶಸ್ತಿ ಗೆದ್ದ ಪಂಕಜ್ ಅಡ್ವಾಣಿ ಆಟ ಕಲಿತು ಬೆಳೆದದ್ದು ಇದೇ ಊರಿನಲ್ಲಿ. ಈಗ ಸಣ್ಣ ಪಟ್ಟಣಗಳ ಕ್ಲಬ್ಬು, ಹಾಸ್ಟೆಲು, ರೆಸಾರ್ಟುಗಳಲ್ಲೂ ಪೂಲ್ ಟೇಬಲ್ ಕಾಣಸಿಗುತ್ತದೆ. ಆಟ ಕೆಳಗಿಳಿದು ಬಂದಿದೆ, ಟೇಬಲ್ ನೋಡಿಕೊಳ್ಳುವ ಕ್ರಮ ಮಾತ್ರ ಅದರ ಜೊತೆ ಬರಲಿಲ್ಲ. ಕೇರಂ ಬೋರ್ಡಿನ ಅಭ್ಯಾಸವನ್ನೇ ನಾವು ಪೂಲ್ ಟೇಬಲಿಗೂ ತಂದುಬಿಟ್ಟಿದ್ದೇವೆ. ತೊಂದರೆ ಶುರುವಾಗುವುದೇ ಅಲ್ಲಿ.

ಒದ್ದೆ ಕೈ ಜಾರಬೇಕಲ್ಲವೇ, ಅಂಟುವುದೇಕೆ?

ನೋಟು ಎಣಿಸುವಾಗ ಬೆರಳನ್ನು ಯಾಕೆ ಒದ್ದೆ ಮಾಡಿಕೊಳ್ಳುತ್ತೇವೆ? ಬ್ಯಾಂಕಿನ ಕ್ಯಾಷಿಯರ್ ಮುಂದೆ ನೆನೆಸಿದ ಸ್ಪಂಜು ಯಾಕಿರುತ್ತದೆ? ತುಸು ತೇವವಿದ್ದರೆ ಬೆರಳು ಹೆಚ್ಚು ಹಿಡಿಯುತ್ತದೆ ಎಂಬುದು ನಮಗೆಲ್ಲ ಗೊತ್ತು. ಪೂಲ್ ಟೇಬಲಿನ ಮೇಲೂ ಇದೇ ನಡೆಯುತ್ತದೆ.

ಒಣ ಚರ್ಮ ಗಟ್ಟಿಯಾಗಿರುತ್ತದೆ, ಕೋಲಿನ ಮೇಲ್ಮೈಯನ್ನು ಅಲ್ಲಲ್ಲಿ ಮಾತ್ರ ತಾಗುತ್ತದೆ. ಬೆವರು ಹೀರಿದ ಚರ್ಮ ಮೆತ್ತಗಾಗಿ ಕೋಲಿಗೆ ಪೂರ್ತಿ ಅಂಟಿ ಕೂರುತ್ತದೆ. ತಾಗುವ ಜಾಗ ಹೆಚ್ಚಾದಷ್ಟೂ ಘರ್ಷಣೆ ಹೆಚ್ಚು. ನಲ್ಲಿಯ ಕೆಳಗೆ ಹಿಡಿದಂತೆ ಕೈ ಪೂರ್ತಿ ತೊಯ್ದು ನೀರಿನ ಪದರವೇ ನಿಂತರೆ ಮಾತ್ರ ಮತ್ತೆ ಜಾರಿಕೆ ಬರುತ್ತದೆ. ಆಟಗಾರರ ಅಂಗೈ ಸಾಮಾನ್ಯವಾಗಿ ಈ ಎರಡರ ನಡುವೆ, ಅತಿ ಹೆಚ್ಚು ಅಂಟುವ ಸ್ಥಿತಿಯಲ್ಲಿರುತ್ತದೆ.

ಪೂಲ್ ಆಡುವಾಗ ಒಂದು ಕೈ ಟೇಬಲಿನ ಮೇಲೆ ಊರಿ, ಹೆಬ್ಬೆರಳು-ತೋರುಬೆರಳಿನ ನಡುವೆ ಕೋಲಿಗೆ ದಾರಿ ಮಾಡಿಕೊಡುತ್ತದೆ. ಆಟಗಾರರು ಇದನ್ನು ಬ್ರಿಡ್ಜ್ ಎನ್ನುತ್ತಾರೆ. ಅಲ್ಲಿ ಕೋಲು ಸರಾಗವಾಗಿ ಹಿಂದೆ ಮುಂದೆ ಓಡಬೇಕು. ಬೆವರಿದ್ದರೆ ಕೋಲು ಒಂದು ಕ್ಷಣ ನಿಂತು, ಮರುಕ್ಷಣ ಜಿಗಿಯುತ್ತದೆ. ಗುರಿ ತಪ್ಪಲು ಅಷ್ಟು ಸಾಕು.

ಇನ್ನೊಂದು ವಿಷಯ ಗಮನಿಸಿ. ಕೋಲಿನ ತುದಿಗೆ ಬೇಕಾದದ್ದು ಹಿಡಿತ, ಬೆರಳ ನಡುವೆ ಬೇಕಾದದ್ದು ಜಾರಿಕೆ. ತುದಿ ಚೆಂಡಿನ ಮೇಲೆ ಜಾರಬಾರದೆಂದೇ ನೀಲಿ ಚಾಕ್ ಉಜ್ಜುವುದು. ಬೆರಳಿನ ಪೌಡರ್ ತುದಿಗೆ ತಾಗಿದರೆ, ಅಥವಾ ತುದಿಯ ಚಾಕ್ ಬೆರಳಿಗೆ ಹತ್ತಿದರೆ ಎರಡೂ ಕಡೆ ಕೆಲಸ ಕೆಡುತ್ತದೆ.

ಅಂಗೈ ಬೆವರುವುದು ಉಷ್ಣದಿಂದಲೇ?

ಇದು ಅತಿ ಹೆಚ್ಚು ಹಂಚಲಾಗುವ ತಪ್ಪು ತಿಳಿವಳಿಕೆ. ನಮ್ಮ ಮೈಮೇಲೆ ಸುಮಾರು 20ರಿಂದ 40 ಲಕ್ಷ ಬೆವರು ಗ್ರಂಥಿಗಳಿವೆ. ಅವು ಅತಿ ದಟ್ಟವಾಗಿರುವುದು ಅಂಗೈ ಮತ್ತು ಅಂಗಾಲಿನಲ್ಲಿ. ಬೆನ್ನು, ಎದೆ, ಹಣೆಯ ಗ್ರಂಥಿಗಳ ಮುಖ್ಯ ಕೆಲಸ ಮೈ ತಂಪು ಮಾಡುವುದು. ಅಂಗೈಯ ಗ್ರಂಥಿಗಳು ಬಿಸಿಲಿಗಿಂತ ಹೆಚ್ಚಾಗಿ ಮನಸ್ಸಿನ ಮಾತು ಕೇಳುತ್ತವೆ. ಗಾಬರಿ, ಆತಂಕ, ಉತ್ಸಾಹ, ಏಕಾಗ್ರತೆ ಇವುಗಳಲ್ಲಿ ಯಾವುದು ಬಂದರೂ ನಮ್ಮ ಇಚ್ಛೆಗೆ ಸಿಗದ ನರಗಳ ಜಾಲವೊಂದು ಆ ಗ್ರಂಥಿಗಳನ್ನು ಎಚ್ಚರಿಸುತ್ತದೆ.

ಪರೀಕ್ಷೆಯ ಕೋಣೆಯಲ್ಲಿ ಉತ್ತರ ಪತ್ರಿಕೆ ಒದ್ದೆಯಾಗುವುದು, ಸಂದರ್ಶನಕ್ಕೆ ಹೋದಾಗ ಕೈಕುಲುಕಲು ಮುಜುಗರವಾಗುವುದು ಇದೇ ಕಾರಣಕ್ಕೆ. ಸುಳ್ಳು ಪತ್ತೆ ಯಂತ್ರ ಎಂದು ಕರೆಯುವ ಸಾಧನ ಅಳೆಯುವ ಸಂಗತಿಗಳಲ್ಲಿ ಒಂದು ಬೆರಳಿನ ಈ ಬೆವರೇ. ಕೊನೆಯ ಚೆಂಡು ಉಳಿದಿರುವಾಗ, ಸುತ್ತ ಗೆಳೆಯರು ನೋಡುತ್ತ ನಿಂತಿರುವಾಗ ಕೈ ಒದ್ದೆಯಾದರೆ ಅದು ರೋಗವಲ್ಲ, ಸಹಜ ಪ್ರತಿಕ್ರಿಯೆ.

ಹಾಗಾದರೆ ಹವೆಗೆ ಇದರಲ್ಲಿ ಪಾತ್ರವೇ ಇಲ್ಲವೇ? ಇದೆ. ಬಂದ ಬೆವರು ಬೇಗ ಆರುತ್ತದೆಯೇ ಇಲ್ಲವೇ ಎಂಬುದನ್ನು ನಿರ್ಧರಿಸುವುದು ಹವೆ. ಚಾಮರಾಜನಗರದ ಬಯಲಿನಲ್ಲಿ ಮಾರ್ಚ್ ತಿಂಗಳ ಒಣಗಾಳಿಗೆ ಬೆವರು ಬಂದದ್ದೇ ತಿಳಿಯದಂತೆ ಆರಿಹೋಗುತ್ತದೆ. ಸೆಪ್ಟೆಂಬರ್-ಅಕ್ಟೋಬರಿನ ಮಳೆಗಾಲದಲ್ಲಿ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಹತ್ತು ಜನ ಸೇರಿದರೆ ಅದೇ ಬೆವರು ಕೈಯಲ್ಲೇ ನಿಲ್ಲುತ್ತದೆ. ಒಂದು ಕಿಟಕಿ ತೆರೆದರೆ ಅರ್ಧ ಸಮಸ್ಯೆ ಕಡಿಮೆಯಾಗಲು ಇದೇ ಕಾರಣ.

ಪೌಡರ್ ನಿಜಕ್ಕೂ ಏನು ಮಾಡುತ್ತದೆ?

ಟಾಲ್ಕ್ ಎಂಬುದು ಮೆಗ್ನೀಸಿಯಂ, ಸಿಲಿಕಾನ್, ಆಮ್ಲಜನಕ ಸೇರಿದ ಖನಿಜ. ಖನಿಜಗಳ ಗಡಸುತನ ಅಳೆಯುವ ಮೋಸ್ ಅಳತೆಯಲ್ಲಿ ಅದರದ್ದು ಕಡೆಯ ಸ್ಥಾನ, ಅಂದರೆ 1. ವಜ್ರದ್ದು 10. ಟಾಲ್ಕಿನ ಕಣಗಳು ಇಸ್ಪೀಟ್ ಎಲೆಗಳಂತೆ ಪದರ ಪದರವಾಗಿರುತ್ತವೆ. ಒಂದು ಎಲೆಯ ಮೇಲೆ ಇನ್ನೊಂದು ಸುಲಭವಾಗಿ ಜಾರುತ್ತದೆ. ಕೈಗೆ ಹಚ್ಚಿದಾಗ ನುಣುಪು ಎನ್ನಿಸುವುದು ಇದರಿಂದ.

ಅಂದರೆ ಪೌಡರ್ ಕೆಲಸ ಮಾಡುವುದು ಎಣ್ಣೆ ಸವರಿದಂತೆ, ಟವೆಲಿನಂತೆ ಅಲ್ಲ. ಬೆವರು ಬರುವುದನ್ನು ಅದು ತಡೆಯುವುದಿಲ್ಲ. ಟಾಲ್ಕ್ ನೀರು ಹೀರುವುದರಲ್ಲೂ ಅಂಥ ಜಾಣನಲ್ಲ. ಐದು-ಹತ್ತು ನಿಮಿಷದಲ್ಲಿ ಹೊಸ ಬೆವರು ಬಂದು ಪುಡಿಯ ಜೊತೆ ಕಲಸಿದರೆ ಬೆರಳ ಸಂದಿಯಲ್ಲಿ ತೆಳುವಾದ ಹಿಟ್ಟಿನಂಥ ಮೆತ್ತು ಕೂರುತ್ತದೆ. ಆಗ ಕೈ ಮೊದಲಿಗಿಂತ ಹೆಚ್ಚು ಅಂಟುತ್ತದೆ. ಆಟಗಾರ ಇನ್ನೊಮ್ಮೆ ಡಬ್ಬಿ ಅಲುಗಿಸುತ್ತಾನೆ. ಒಂದು ಗಂಟೆಯಲ್ಲಿ ನಾಲ್ಕು ಸಲ ಹೀಗಾದರೆ ಆ ಪುಡಿಯೆಲ್ಲ ಹೋಗುವುದು ಕೋಲಿಗೆ, ಚೆಂಡಿಗೆ, ಬಟ್ಟೆಗೆ, ಕೋಣೆಯ ಗಾಳಿಗೆ.

ಹಾಗಾದರೆ ಪೌಡರಿನಿಂದ ಕ್ಯಾನ್ಸರ್ ಬರುತ್ತದೆಯೇ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರ ಜುಲೈನಲ್ಲಿ ಟಾಲ್ಕನ್ನು 2ಎ ಗುಂಪಿಗೆ ಸೇರಿಸಿತು. ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್ ತರಬಲ್ಲದು ಎಂಬುದು ಆ ಗುಂಪಿನ ಅರ್ಥ. ಅದಕ್ಕೂ ಮೊದಲೇ, 2023ರಲ್ಲಿ, ಜಾನ್ಸನ್ ಅಂಡ್ ಜಾನ್ಸನ್ ಕಂಪನಿ ಟಾಲ್ಕ್ ಇರುವ ಬೇಬಿ ಪೌಡರ್ ಮಾರಾಟವನ್ನು ಜಗತ್ತಿನೆಲ್ಲೆಡೆ ನಿಲ್ಲಿಸಿ ಜೋಳದ ಪಿಷ್ಟದ ಪೌಡರಿಗೆ ಬದಲಾಯಿತು. ಫಾರ್ವರ್ಡುಗಳಿಗೆ ಮೂಲ ಈ ಎರಡು ಸುದ್ದಿಗಳು.

ಆದರೆ ಇಲ್ಲಿ ಒಂದು ಸೂಕ್ಷ್ಮವಿದೆ. ಈ ಗುಂಪುಗಳು ಹೇಳುವುದು ವಸ್ತು ಕ್ಯಾನ್ಸರ್ ತರಬಲ್ಲದೇ, ಅದಕ್ಕೆ ಎಷ್ಟು ಪುರಾವೆ ಇದೆ ಎಂಬುದನ್ನು ಮಾತ್ರ. ಎಷ್ಟು ಪ್ರಮಾಣದಲ್ಲಿ, ಎಷ್ಟು ಜನರಿಗೆ ಎಂಬುದನ್ನಲ್ಲ. ಕೆಂಪು ಮಾಂಸವೂ 2ಎ ಗುಂಪಿನಲ್ಲಿದೆ. 65 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಿಸಿಯಾದ ಕಾಫಿ-ಟೀ ಕುಡಿಯುವುದೂ ಅದೇ ಗುಂಪಿನಲ್ಲಿದೆ. ಟಾಲ್ಕಿನ ವಿಷಯದಲ್ಲಿ ಮನುಷ್ಯರಿಂದ ದೊರೆತ ಪುರಾವೆ ಮುಖ್ಯವಾಗಿ ಜನನಾಂಗದ ಭಾಗಕ್ಕೆ ದೀರ್ಘಕಾಲ ಪೌಡರ್ ಬಳಸಿದ ಮಹಿಳೆಯರ ಅಂಡಾಶಯದ ಕ್ಯಾನ್ಸರಿಗೆ ಸಂಬಂಧಿಸಿದ್ದು. ಅದನ್ನೂ ತಜ್ಞರು 'ಸೀಮಿತ' ಎಂದೇ ಕರೆದಿದ್ದಾರೆ. ಅಂಗೈಗೆ ಪೌಡರ್ ಹಚ್ಚಿದವರ ಬಗ್ಗೆ ಆ ತೀರ್ಮಾನ ಹೇಳುವುದಿಲ್ಲ.

ಹೆಚ್ಚು ಗಮನ ಕೊಡಬೇಕಾದದ್ದು ಉಸಿರಿನ ಕಡೆಗೆ. ಸಣ್ಣ ಮಕ್ಕಳು ಪೌಡರ್ ಉಸಿರಾಡಿದರೆ ಶ್ವಾಸಕೋಶಕ್ಕೆ ಗಂಭೀರ ತೊಂದರೆಯಾಗಬಹುದು. ಇದೇ ಕಾರಣಕ್ಕೆ ಮಕ್ಕಳ ತಜ್ಞರು ಶಿಶುಗಳಿಗೆ ಪೌಡರ್ ಬೇಡ ಎನ್ನುತ್ತಾರೆ. ಅಸ್ತಮಾ ಇರುವವರಿಗೂ ಹಾರುವ ಪುಡಿ ಒಳ್ಳೆಯದಲ್ಲ. ಒಂದು ಗಂಟೆ ಆಡಿ ಮನೆಗೆ ಹೋಗುವ ಆಟಗಾರನಿಗಿಂತ, ದಿನಕ್ಕೆರಡು ಸಲ ಟೇಬಲ್ ಗುಡಿಸುವ ಹುಡುಗ ಆ ಧೂಳನ್ನು ಹೆಚ್ಚು ಕುಡಿಯುತ್ತಾನೆ. ಪೌಡರ್ ವಿಷಯ ಬಂದಾಗ ಯಾರೂ ಅವನನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಕೇರಂ ಪೌಡರ್ ಪೂಲ್ ಟೇಬಲಿಗೆ ಆಗುತ್ತದೆಯೇ?

ಆಗುವುದಿಲ್ಲ. ಕೇರಂ ಬೋರ್ಡಿಗೆ ನಮ್ಮಲ್ಲಿ ಬಹಳ ಕಡೆ ಬಳಸುವುದು ಬೋರಿಕ್ ಪೌಡರ್. ಅದೂ ಪದರ ಪದರವಾದ ಕಣಗಳ ವಸ್ತು, ಹಾಗಾಗಿ ನುಣುಪಾದ ಹಲಗೆಯ ಮೇಲೆ ಕಾಯಿಗಳು ಜಾರಿ ಓಡುತ್ತವೆ. ಆಟ ಮುಗಿದ ಮೇಲೆ ಹಲಗೆ ಒರೆಸಿದರೆ ಪುಡಿ ಹೋಗುತ್ತದೆ. ಪೂಲ್ ಟೇಬಲಿನ ಮೇಲಿರುವುದು ಬಟ್ಟೆ. ಅಲ್ಲಿ ಬಿದ್ದದ್ದು ನಾರಿನೊಳಗೆ ಇಳಿಯುತ್ತದೆ, ಒರೆಸಿದರೆ ಇನ್ನೂ ಒಳಗೆ ಹೋಗುತ್ತದೆ.

ಬೋರಿಕ್ ಪೌಡರಿನ ಬಗ್ಗೆ ಇನ್ನೊಂದು ಎಚ್ಚರಿಕೆ. ಮನೆಯಲ್ಲಿ ಜಿರಳೆ ಕೊಲ್ಲಲು ಬಳಸುವ ಪುಡಿ ಇದೇ. ಗಾಯವಿಲ್ಲದ ಚರ್ಮದ ಮೂಲಕ ಇದು ಹೆಚ್ಚು ಒಳಹೋಗುವುದಿಲ್ಲ, ಆದರೆ ತರಚಿದ, ಒಡೆದ ಚರ್ಮದ ಮೂಲಕ ಹೋಗಬಲ್ಲದು. ಹೊಟ್ಟೆಗೆ ಹೋದರೆ ವಿಷ. ಅದರಲ್ಲೂ ಸಣ್ಣ ಮಕ್ಕಳಿಗೆ ಅಪಾಯ ಹೆಚ್ಚು. ನೋಡಲು ಸಕ್ಕರೆ ಪುಡಿಯಂತೆ, ಮೈದಾದಂತೆ ಇರುವುದರಿಂದ ಗುರುತಿಲ್ಲದ ಡಬ್ಬಿಯಲ್ಲಿ ಇಡಬೇಡಿ. ಕೇರಂ ಆಡಿದ ಕೈಯಲ್ಲೇ ಬೋಂಡಾ, ಚುರುಮುರಿ ತಿನ್ನುವ ಅಭ್ಯಾಸ ಬಿಡಿ. ಮಗು ನುಂಗಿದೆ ಎಂಬ ಅನುಮಾನ ಬಂದರೆ ಮನೆಮದ್ದು ಮಾಡುತ್ತ ಕೂರದೆ, ವಾಂತಿ ಮಾಡಿಸಲು ಹೋಗದೆ, ಡಬ್ಬಿಯನ್ನೂ ಹಿಡಿದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ.

ನೀಲಿ ಚಾಕ್ ಅಂದರೆ ಸೀಮೆಸುಣ್ಣವೇ?

ಹೆಸರು ಮಾತ್ರ ಹಾಗೆ. ಶಾಲೆಯ ಸೀಮೆಸುಣ್ಣಕ್ಕೂ ಪೂಲ್ ಆಟದ ನೀಲಿ ಚಾಕಿಗೂ ಸಂಬಂಧವಿಲ್ಲ. ಅಮೆರಿಕದ ಆಟಗಾರ ವಿಲಿಯಂ ಸ್ಪಿಂಕ್ಸ್ ಮತ್ತು ರಸಾಯನ ತಜ್ಞ ವಿಲಿಯಂ ಹಾಸ್ಕಿನ್ಸ್ ಸೇರಿ 1897ರಲ್ಲಿ ಪೇಟೆಂಟ್ ಪಡೆದ ಮಿಶ್ರಣ ಇದರ ಪೂರ್ವಜ. ಇದರಲ್ಲಿರುವುದು ಸಿಲಿಕಾ ಮತ್ತು ಉಜ್ಜು ಕಾಗದದಲ್ಲಿ ಬಳಸುವಂಥ ಗಡಸು ಪುಡಿ, ಜೊತೆಗೆ ಅಂಟು ಮತ್ತು ಬಣ್ಣ. ತುದಿಯ ಚರ್ಮದ ಬಿಲ್ಲೆಗೆ ಒರಟುತನ ಕೊಡುವುದು ಇದರ ಕೆಲಸ.

ಹೊಸದಾಗಿ ಆಡಲು ಬಂದವರು ಕೆಲವೊಮ್ಮೆ ಇದನ್ನೇ ಬೆರಳಿಗೂ ಉಜ್ಜಿಕೊಳ್ಳುತ್ತಾರೆ. ಕೈ ಒಣಗಲಿ ಎಂಬುದು ಉದ್ದೇಶ. ಆಗುವುದು ತದ್ವಿರುದ್ಧ. ಒರಟು ಪುಡಿ ಬೆರಳನ್ನು ಇನ್ನಷ್ಟು ಹಿಡಿಯುವಂತೆ ಮಾಡುತ್ತದೆ, ಕೋಲಿನ ಹೊಳಪನ್ನೂ ಉಜ್ಜಿ ತೆಗೆಯುತ್ತದೆ.

ಚಾಕ್ ವಿಷಯದಲ್ಲಿ ನೆನಪಿಡಬೇಕಾದ ಇನ್ನೊಂದು ಸಂಗತಿ ಇದೆ. 1996ರಲ್ಲಿ ಅಮೆರಿಕದ ಮಕ್ಕಳ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ಅಧ್ಯಯನ, ಪೂಲ್ ಚಾಕುಗಳ ಕೆಲವು ಮಾದರಿಗಳಲ್ಲಿ ಸೀಸ ಹೆಚ್ಚಾಗಿರುವುದನ್ನು ತೋರಿಸಿತ್ತು. ಎಲ್ಲ ಚಾಕಿನಲ್ಲೂ ಸೀಸವಿದೆ ಎಂದು ಇದರ ಅರ್ಥವಲ್ಲ. ಆದರೆ ಕಂಪನಿಯ ಹೆಸರಿಲ್ಲದ ಅಗ್ಗದ ಚಾಕ್ ಕೊಳ್ಳಬೇಡಿ, ತುದಿಗೆ ಹಚ್ಚಿದ ಮೇಲೆ ಬಾಯಿಂದ ಉಫ್ ಎಂದು ಊದಬೇಡಿ, ಮಕ್ಕಳ ಕೈಗೆ ಆಟಿಕೆಯಂತೆ ಕೊಡಬೇಡಿ. ಸೀಸ ಬೆಳೆಯುವ ಮಕ್ಕಳ ಮೆದುಳಿಗೆ ಹಾನಿ ಮಾಡುತ್ತದೆ ಎಂಬುದರಲ್ಲಿ ವಿಜ್ಞಾನಕ್ಕೆ ಯಾವ ಅನುಮಾನವೂ ಇಲ್ಲ.

ಟೇಬಲಿನ ಬಟ್ಟೆ ಹಾಳಾಗುವುದು ಹೇಗೆ?

ಪೂಲ್ ಟೇಬಲಿನ ಹಸಿರು ಅಥವಾ ನೀಲಿ ಬಟ್ಟೆ ಸಾಮಾನ್ಯವಾಗಿ ಉಣ್ಣೆ ಮತ್ತು ನೈಲಾನ್ ಸೇರಿದ್ದು. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವವನ್ನು, ಮುಟ್ಟಿದರೆ ಒದ್ದೆ ಎನ್ನಿಸದಂತೆಯೇ, ಹೀರಿಟ್ಟುಕೊಳ್ಳಬಲ್ಲದು. ತೇವ ಹೀರಿದ ಬಟ್ಟೆಯ ಮೇಲೆ ಚೆಂಡು ನಿಧಾನವಾಗುತ್ತದೆ. ಅದಕ್ಕೇ ದೊಡ್ಡ ಸ್ನೂಕರ್ ಪಂದ್ಯಗಳಲ್ಲಿ ಕಲ್ಲಿನ ಹಾಸಿನ ಕೆಳಗೆ ಬಿಸಿ ಮಾಡುವ ವ್ಯವಸ್ಥೆ ಇಟ್ಟಿರುತ್ತಾರೆ.

ಈ ಬಟ್ಟೆಯ ಮೇಲೆ ಪೌಡರ್, ಚಾಕ್ ಧೂಳು, ಕೈಯ ಜಿಡ್ಡು ಮೂರೂ ಸೇರಿದರೆ ಏನಾಗುತ್ತದೆ? ಜಿಡ್ಡು ಪುಡಿಯನ್ನು ನಾರಿಗೆ ಅಂಟಿಸುತ್ತದೆ. ಚಾಕಿನ ಗಡಸು ಕಣಗಳು ಪ್ರತಿ ಹೊಡೆತಕ್ಕೂ ನಾರನ್ನು ತೇಯುತ್ತವೆ. ಕೈ ಊರುವ ಜಾಗದಲ್ಲಿ ಬಿಳಿ ಕಲೆ ಮೂಡುತ್ತದೆ. ಉರುಳುವ ಚೆಂಡುಗಳು ಈ ಕೊಳೆಯನ್ನು ಮೈಗೆ ಹಚ್ಚಿಕೊಳ್ಳುತ್ತವೆ. ಎರಡು ಚೆಂಡು ಡಿಕ್ಕಿ ಹೊಡೆಯುವ ಬಿಂದುವಿನಲ್ಲಿ ಚಾಕಿನ ಒಂದು ಕಣ ಸಿಕ್ಕಿಕೊಂಡರೂ ಸಾಕು, ಚೆಂಡು ಹೋಗಬೇಕಾದ ದಾರಿ ಬಿಟ್ಟು ತುಸು ಪಕ್ಕಕ್ಕೆ ಹೋಗುತ್ತದೆ. ಸ್ನೂಕರ್ ಆಟಗಾರರು ಇದನ್ನು 'ಕಿಕ್' ಎನ್ನುತ್ತಾರೆ. ನಿಮ್ಮ ಗುರಿ ಸರಿಯಿದ್ದೂ ಚೆಂಡು ಬೀಳದಿದ್ದರೆ ತಪ್ಪು ಕೈಯದ್ದಲ್ಲ, ಕೊಳೆಯದ್ದಿರಬಹುದು.

ನಮ್ಮ ಕಡೆಗೆ ವಿಶೇಷವಾದ ಇನ್ನೊಂದು ಕಲೆ ಅರಿಶಿನದ್ದು. ಚಾಮರಾಜನಗರ ಅರಿಶಿನಕ್ಕೆ ಹೆಸರಾದ ಜಿಲ್ಲೆ. ಅರಿಶಿನದಲ್ಲಿರುವ ಕರ್ಕುಮಿನ್ ಉಣ್ಣೆಗೆ ನೇರವಾಗಿ ಹಿಡಿಯುವ ನೈಸರ್ಗಿಕ ಬಣ್ಣ. ಹೊಲದಲ್ಲಿ ಅರಿಶಿನ ಬಿಡಿಸಿದ ಕೈ ಇರಲಿ, ಚಿತ್ರಾನ್ನ ತಿಂದ ಕೈ ಇರಲಿ, ತೊಳೆಯದೆ ಟೇಬಲಿಗೆ ಊರಿದರೆ ಆ ಗುರುತು ಹೋಗುವುದು ಕಷ್ಟ. ಹೊಸ ಬಟ್ಟೆ ಹಾಕಿಸಲು ಸಾವಿರಾರು ರೂಪಾಯಿ ಬೇಕು. ಸಣ್ಣ ಊರಿನ ಆಟದ ಕೋಣೆಗೆ ಅದು ದೊಡ್ಡ ಹೊರೆ. ಆ ಖರ್ಚು ಕೊನೆಗೆ ಬಂದು ಕೂರುವುದು ಆಟಗಾರರ ಗಂಟೆ ಬಾಡಿಗೆಯ ಮೇಲೆ.

ಹಾಗಾದರೆ ಕೈ ಒಣಗಿಸಿಕೊಳ್ಳುವುದು ಹೇಗೆ?

ಮೊದಲ ಉಪಾಯ ಅತಿ ಸರಳ: ಸೋಪು, ನೀರು, ಒಣ ಟವೆಲ್. ಸೋಪು ಬೆವರಿನ ಉಪ್ಪನ್ನೂ ಜಿಡ್ಡನ್ನೂ ತೆಗೆಯುತ್ತದೆ. ತೊಳೆದ ಮೇಲೆ ಬೆರಳ ಸಂದಿಗಳನ್ನು ಪೂರ್ತಿ ಒರೆಸಿ, ಒಂದೆರಡು ನಿಮಿಷ ಗಾಳಿಗೆ ಬಿಡಿ. ತೊಳೆದ ತಕ್ಷಣ ಚರ್ಮ ನೀರು ಹೀರಿ ಮೆತ್ತಗಿರುವುದರಿಂದ ಕೂಡಲೇ ಆಡಲು ಹೋದರೆ ಅಂಟುತ್ತದೆ. ಆಟದ ನಡುವೆ ಸೊಂಟಕ್ಕೆ ಸಿಕ್ಕಿಸಿದ ಹತ್ತಿಯ ಕರವಸ್ತ್ರ ಸಾಕು. ಎದುರಾಳಿ ಆಡುತ್ತಿರುವಾಗ ಕೈ ಒರೆಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಳ್ಳಿ.

ಎರಡನೆಯದು ಕೋಲು ಒರೆಸುವುದು. ಅಂಟುವುದು ಬಹಳ ಸಲ ಕೈಯಲ್ಲ, ಹಿಂದಿನ ಹತ್ತು ಆಟಗಾರರ ಬೆವರು ಕುಡಿದ ಕೋಲು. ಹಿಂಡಿದ ಬಟ್ಟೆಯಿಂದ ಒಮ್ಮೆ ಒರೆಸಿ, ಕೂಡಲೇ ಒಣ ಬಟ್ಟೆಯಿಂದ ಉಜ್ಜಿ. ಉಜ್ಜು ಕಾಗದ ಬಳಸಬೇಡಿ, ಕೋಲು ದಿನೇ ದಿನೇ ಸವೆದು ತೆಳ್ಳಗಾಗುತ್ತದೆ.

ಮೂರನೆಯದು ಮೂರು ಬೆರಳಿನ ಗ್ಲೌಸ್. ಹೆಬ್ಬೆರಳು, ತೋರುಬೆರಳು, ನಡುಬೆರಳು ಮುಚ್ಚುವ ಈ ತೆಳು ಕೈಚೀಲ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ನುಣುಪಾದ ಬಟ್ಟೆಯ ಮೇಲೆ ಕೋಲು ಸರಾಗವಾಗಿ ಓಡುತ್ತದೆ, ಟೇಬಲಿಗೆ ಏನೂ ಅಂಟುವುದಿಲ್ಲ. ಅಂಗೈ ಹೆಚ್ಚು ಬೆವರುವವರಿಗೆ ಇದಕ್ಕಿಂತ ಸುಲಭದ ಪರಿಹಾರ ಇನ್ನೊಂದಿಲ್ಲ. ವಾರಕ್ಕೊಮ್ಮೆ ಒಗೆಯುವುದನ್ನು ಮರೆಯಬೇಡಿ.

ಸ್ಯಾನಿಟೈಸರ್ ಹಚ್ಚಿದರೆ ಆಗುವುದಿಲ್ಲವೇ? ಅದರ ಆಲ್ಕೋಹಾಲ್ ಆರುವಾಗ ಕೈ ಒಣಗಿದಂತೆ ಅನ್ನಿಸುತ್ತದೆ. ಆದರೆ ಬೆವರು ನಿಲ್ಲುವುದಿಲ್ಲ. ಹಲವು ಸ್ಯಾನಿಟೈಸರುಗಳಲ್ಲಿ ಚರ್ಮ ಒಡೆಯದಿರಲೆಂದು ಹಾಕಿರುವ ಗ್ಲಿಸರಿನ್ ಕೈಯಲ್ಲೇ ಉಳಿದು ಅಂಟುತ್ತದೆ. ಪಟಿಕ? ಅದರಲ್ಲಿರುವ ಅಲ್ಯೂಮಿನಿಯಂ ಲವಣ ಬೆವರನ್ನು ತುಸು ತಗ್ಗಿಸಬಲ್ಲದು, ಆದರೆ ಒಡೆದ ಚರ್ಮಕ್ಕೆ ಉರಿ ತರುತ್ತದೆ. ಪೌಡರ್ ಬಳಸಲೇಬೇಕೆನ್ನುವವರು ಟೇಬಲಿನಿಂದ ದೂರ ಹೋಗಿ, ಚಿಟಿಕೆಯಷ್ಟು ಹಚ್ಚಿ, ಉಳಿದದ್ದನ್ನು ಬಟ್ಟೆಯಿಂದ ಒರೆಸಿ ಬನ್ನಿ. ಕೈ ತಟ್ಟಿ ಹಾರಿಸಬೇಡಿ.

ಕೈ ತೊಳೆಯುವುದರಿಂದ ಇನ್ನೊಂದು ಲಾಭವೂ ಇದೆ. ಒಂದೇ ಕೋಲನ್ನು ದಿನಕ್ಕೆ ಇಪ್ಪತ್ತು ಜನ ಹಿಡಿಯುತ್ತಾರೆ. 2023ರ ಜುಲೈ ಸುಮಾರಿಗೆ ಕರ್ನಾಟಕದಲ್ಲಿ 'ಮದ್ರಾಸ್ ಐ' ಹರಡಿದ್ದು ನೆನಪಿರಬಹುದು. ಅದು ಹರಡುವುದು ನೋಟದಿಂದಲ್ಲ, ಕಣ್ಣು ಮುಟ್ಟಿದ ಕೈಯಿಂದ. ಒದ್ದೆ ಕೈ ಒಣ ಕೈಗಿಂತ ಹೆಚ್ಚು ರೋಗಾಣುಗಳನ್ನು ದಾಟಿಸುತ್ತದೆ. ತೊಳೆದು ಒಣಗಿಸಿದ ಕೈ ಆಟಕ್ಕೂ ಒಳ್ಳೆಯದು, ಆರೋಗ್ಯಕ್ಕೂ ಒಳ್ಳೆಯದು.

ಟೇಬಲ್ ಶುಚಿಯಾಗಿಡಲು ಏನು ಮಾಡಬೇಕು?

ದಿನದ ಆಟ ಮುಗಿದ ಮೇಲೆ ಮೃದು ಬ್ರಷ್ಷಿನಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ, ಒಂದೇ ದಿಕ್ಕಿನಲ್ಲಿ ಗುಡಿಸಿ. ಸ್ನೂಕರ್ ಬಟ್ಟೆಗೆ ನಾರಿನ ದಿಕ್ಕು ಇರುವುದರಿಂದ ಅಡ್ಡಡ್ಡ ಗುಡಿಸಿದರೆ ಚೆಂಡಿನ ಓಟವೇ ಬದಲಾಗುತ್ತದೆ. ಅಂಚಿನ ರಬ್ಬರಿನ ಕೆಳಗೆ ಧೂಳು ಹೆಚ್ಚು ಸೇರುತ್ತದೆ, ಅಲ್ಲಿಂದ ಶುರುಮಾಡಿ. ಸಣ್ಣ ವ್ಯಾಕ್ಯೂಮ್ ಕ್ಲೀನರ್ ಇದ್ದರೆ ಇನ್ನೂ ಒಳ್ಳೆಯದು, ಧೂಳು ಗಾಳಿಗೆ ಏಳುವುದಿಲ್ಲ. ಇಲ್ಲದಿದ್ದರೆ ಗುಡಿಸುವವರಿಗೆ ಒಂದು ಮಾಸ್ಕ್ ಕೊಡಿ, ಕಿಟಕಿ ತೆರೆದಿಡಿ.

ಚೆಂಡುಗಳನ್ನು ವಾರಕ್ಕೊಮ್ಮೆ ಉಗುರುಬೆಚ್ಚಗಿನ ನೀರು, ಮೆದು ಸೋಪಿನಲ್ಲಿ ತೊಳೆದು ಪೂರ್ತಿ ಒರೆಸಿ. ಇಂದಿನ ಚೆಂಡುಗಳು ಫೀನಾಲಿಕ್ ರಾಳದವು, ನೀರಿನಿಂದ ಕೆಡುವುದಿಲ್ಲ. ಬಟ್ಟೆಗೆ ಮಾತ್ರ ನೀರು ಸುರಿಯಬೇಡಿ. ಸೀಮೆಎಣ್ಣೆ, ಪೆಟ್ರೋಲ್, ಫಿನಾಯಿಲ್, ಸ್ಯಾನಿಟೈಸರ್ ಹಾಕಿ ಉಜ್ಜಿದರೆ ಬಣ್ಣವೂ ಹೋಗುತ್ತದೆ, ಬೆಂಕಿಯ ಅಪಾಯವೂ ಇದೆ. ಟೀ ಲೋಟ, ತಿಂಡಿ ಪೊಟ್ಟಣವನ್ನು ಟೇಬಲಿನ ಅಂಚಿಗೆ ಇಡುವುದನ್ನು ನಿಲ್ಲಿಸಿ. ಚಾಕ್ ಹಚ್ಚುವಾಗ ಟೇಬಲಿನಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ.

ಬೆವರಿಗೆ ವೈದ್ಯರ ಬಳಿ ಹೋಗಬೇಕಾದದ್ದು ಯಾವಾಗ?

ಕೆಲವರಿಗೆ ಆಟವಿರಲಿ ಇಲ್ಲದಿರಲಿ ಅಂಗೈಯಿಂದ ಬೆವರು ತೊಟ್ಟಿಕ್ಕುತ್ತದೆ. ಪೆನ್ನು ಜಾರುತ್ತದೆ, ಮೊಬೈಲಿನ ಬೆರಳಚ್ಚು ಕೆಲಸ ಮಾಡುವುದಿಲ್ಲ. ಇದಕ್ಕೆ ಹೈಪರ್‌ಹೈಡ್ರೋಸಿಸ್ ಎಂದು ಹೆಸರು. ಅಮೆರಿಕದ ಅಂದಾಜುಗಳ ಪ್ರಕಾರ ನೂರರಲ್ಲಿ ಸುಮಾರು 3ರಿಂದ 5 ಜನರಿಗೆ ಅತಿಬೆವರಿನ ತೊಂದರೆ ಇದೆ. ಅಂಗೈಯದ್ದು ಸಾಮಾನ್ಯವಾಗಿ ಬಾಲ್ಯದಲ್ಲಿ ಅಥವಾ ಹರೆಯದಲ್ಲಿ ಶುರುವಾಗುತ್ತದೆ, ಎರಡೂ ಕೈಗೆ ಸಮನಾಗಿರುತ್ತದೆ, ನಿದ್ದೆಯಲ್ಲಿ ನಿಲ್ಲುತ್ತದೆ, ಹಲವು ಸಲ ಮನೆತನದಲ್ಲೇ ಇರುತ್ತದೆ. ಇದು ಉಷ್ಣವೂ ಅಲ್ಲ, ದೌರ್ಬಲ್ಯವೂ ಅಲ್ಲ, ಹೇಡಿತನವಂತೂ ಖಂಡಿತ ಅಲ್ಲ. ಇಂಥ ಹುಡುಗ ಹುಡುಗಿಯರನ್ನು ಗೇಲಿ ಮಾಡಿದರೆ ಆತಂಕ ಹೆಚ್ಚುತ್ತದೆ, ಆತಂಕ ಹೆಚ್ಚಿದರೆ ಬೆವರೂ ಹೆಚ್ಚುತ್ತದೆ.

ಇದಕ್ಕೆ ಚಿಕಿತ್ಸೆ ಇದೆ. ರಾತ್ರಿ ಒಣ ಕೈಗೆ ಹಚ್ಚುವ ಅಲ್ಯೂಮಿನಿಯಂ ಕ್ಲೋರೈಡ್ ಔಷಧಿ, ನೀರಿನಲ್ಲಿ ಕೈ ಇಟ್ಟು ಸಣ್ಣ ಪ್ರಮಾಣದ ವಿದ್ಯುತ್ ಹಾಯಿಸುವ ಚಿಕಿತ್ಸೆ, ಬೊಟುಲಿನಂ ಚುಚ್ಚುಮದ್ದು, ಕೆಲವು ಮಾತ್ರೆಗಳು. ಶಸ್ತ್ರಚಿಕಿತ್ಸೆ ಕೊನೆಯ ದಾರಿ, ಏಕೆಂದರೆ ಆ ನಂತರ ಬೆನ್ನು, ಹೊಟ್ಟೆಯಲ್ಲಿ ಬೆವರು ಹೆಚ್ಚುವುದುಂಟು. ಚರ್ಮರೋಗ ತಜ್ಞರನ್ನು ಕಂಡರೆ ಯಾವುದು ಸೂಕ್ತ ಎಂದು ತಿಳಿಸುತ್ತಾರೆ. ವಿದ್ಯುತ್ ಚಿಕಿತ್ಸೆಯನ್ನು ವಿಡಿಯೋ ನೋಡಿ ಮನೆಯಲ್ಲಿ ಮಾಡಿಕೊಳ್ಳಲು ಹೋಗಬೇಡಿ.

ಈ ಲಕ್ಷಣಗಳಿದ್ದರೆ ಮಾತ್ರ ತಡಮಾಡಬೇಡಿ: ದೊಡ್ಡವರಾದ ಮೇಲೆ ಇದ್ದಕ್ಕಿದ್ದಂತೆ ಶುರುವಾದ ಬೆವರು, ರಾತ್ರಿ ಮೈಯೆಲ್ಲ ತೊಯ್ಯುವುದು, ತೂಕ ಇಳಿಯುವುದು, ಕೈ ನಡುಕ ಮತ್ತು ಎದೆಬಡಿತ, ದೇಹದ ಒಂದೇ ಬದಿ ಬೆವರುವುದು. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಲ್ಲಿ ನಡುಕದೊಂದಿಗೆ ತಣ್ಣನೆ ಬೆವರು ಬಂದರೆ ಸಕ್ಕರೆ ಇಳಿದಿರಬಹುದು. ಎದೆನೋವಿನೊಂದಿಗೆ ಬೆವರು ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

ಅಂಗೈ ಬೆವರುವುದು ಉಷ್ಣದಿಂದ ಎಂಬುದು ತಪ್ಪು. ಪೌಡರ್ ಕೈ ಒಣಗಿಸುತ್ತದೆ ಎಂಬುದೂ ತಪ್ಪು. ಪೌಡರ್ ಮುಟ್ಟಿದರೆ ಕ್ಯಾನ್ಸರ್ ಎಂಬುದು ಅತಿಯಾಗಿ ಹಿಗ್ಗಿಸಿದ ಮಾತು. ಬೋರಿಕ್ ಪೌಡರ್ ಮತ್ತು ಹೆಸರಿಲ್ಲದ ಚಾಕನ್ನು ಮಕ್ಕಳಿಂದ ದೂರವಿಡಬೇಕು ಎಂಬುದು ನಿಜ. ಕೈ ತೊಳೆದು, ಒರೆಸಿ, ಬೇಕಿದ್ದರೆ ಗ್ಲೌಸ್ ಹಾಕಿ ಆಡಿದರೆ ಟೇಬಲ್ ಉಳಿಯುತ್ತದೆ, ಅದನ್ನು ಗುಡಿಸುವವರ ಉಸಿರೂ ಹಗುರಾಗುತ್ತದೆ. ಊರಿನ ಆಟದ ಕೋಣೆಯಲ್ಲಿ ಪೌಡರ್ ಡಬ್ಬಿ ಇರುವ ಜಾಗದಲ್ಲಿ ನಾಳೆಯಿಂದ ಒಂದು ಸೋಪು, ಒಂದು ಒಣ ಟವೆಲ್ ಇಡಲು ಹೇಳಿ ನೋಡಿ.